ಬ್ಯಾಶ್ ಶೆಲ್: ದೋಷ ವರದಿ ಮತ್ತು ಅನುವಾದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಶ್ ಶೆಲ್‌ನಲ್ಲಿ ದೋಷ ಕಂಡಾಗ ಅದನ್ನು ಯಾರಿಗೆ, ಹೇಗೆ ತಿಳಿಸಬೇಕು, ಅದರ ಸಂದೇಶಗಳ ಅನುವಾದವನ್ನು ಹೇಗೆ ತಿದ್ದಬೇಕು ಅಥವಾ ಹೊಸದಾಗಿ ಆರಂಭಿಸಬೇಕು ಎಂಬ ಪ್ರಶ್ನೆಗಳಿಗೆ ಈ ಪುಟದಲ್ಲಿ ಉತ್ತರಗಳಿವೆ. ಆಜ್ಞೆಗಳು, ಆಯ್ಕೆಗಳು ಮತ್ತು ಕಡತಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಬ್ಯಾಶ್ ಅನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?

ಬ್ಯಾಶ್ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆಗಳನ್ನು ಓದಿ ಓಡಿಸುವ ತಂತ್ರಾಂಶ. ಬ್ರಯಾನ್ ಫಾಕ್ಸ್ ಬರೆದ ಇದರ ಮೊದಲ ಆವೃತ್ತಿ 1989ರಲ್ಲಿ ಹೊರಬಂತು. ತೊಂಬತ್ತರ ದಶಕದಿಂದ ಇಂದಿನವರೆಗೆ ಇದರ ಮುಖ್ಯ ನಿರ್ವಾಹಕರು ಚೆಟ್ ರೇಮಿ. ಕೋಟ್ಯಂತರ ಯಂತ್ರಗಳಲ್ಲಿರುವ ಈ ತಂತ್ರಾಂಶದ ಹಿಂದೆ ದೊಡ್ಡ ಕಂಪನಿಯ ಸಹಾಯವಾಣಿಯಾಗಲಿ, ವರದಿಗಳನ್ನು ವಿಂಗಡಿಸುವ ಸಿಬ್ಬಂದಿಯಾಗಲಿ ಇಲ್ಲ ಎಂಬುದನ್ನು ವರದಿ ಬರೆಯುವವರು ಮೊದಲೇ ತಿಳಿದಿರುವುದು ಒಳ್ಳೆಯದು. ನಿಮ್ಮ ವರದಿಯನ್ನು ಓದುವವರು ನಿಮ್ಮ ಯಂತ್ರವನ್ನು ನೋಡಲಾರರು; ನೀವು ಬರೆದುದರಿಂದಲೇ ಆ ದೋಷವನ್ನು ತಮ್ಮ ಯಂತ್ರದಲ್ಲಿ ಮತ್ತೆ ಉಂಟುಮಾಡಲು ಅವರಿಗೆ ಸಾಧ್ಯವಾಗಬೇಕು. ಮುಂದಿನ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ಅಗತ್ಯದಿಂದ ಹುಟ್ಟಿದವು.

ನಾನು ಬಳಸುತ್ತಿರುವುದು ಬ್ಯಾಶ್ ಹೌದೇ ಎಂದು ತಿಳಿಯುವುದು ಹೇಗೆ?

ಟರ್ಮಿನಲ್‌ನಲ್ಲಿ ಬ್ಯಾಶ್ ಓಡುತ್ತಿದ್ದ ಮಾತ್ರಕ್ಕೆ ನಿಮ್ಮ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ) ಕೂಡ ಬ್ಯಾಶ್‌ನಲ್ಲೇ ಓಡುತ್ತಿದೆ ಎಂದು ಹೇಳಲಾಗದು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬಿನ್ ಡೈರೆಕ್ಟರಿಯ ‘ಎಸ್‌ಎಚ್’ ಎಂದಿದ್ದರೆ ಅದು ಬೇರೆಯೇ ಶೆಲ್ ಆಗಿರಬಹುದು. ಉಬುಂಟು 2006ರ 6.10 ಆವೃತ್ತಿಯಿಂದ, ಡೆಬಿಯನ್ 2011ರ 6.0 ಆವೃತ್ತಿಯಿಂದ ಆ ಹೆಸರಿನಲ್ಲಿ ಡ್ಯಾಶ್ ಎಂಬ ಚಿಕ್ಕ ಶೆಲ್ ಅನ್ನು ಓಡಿಸುತ್ತವೆ. ಆಲ್ಪೈನ್ ಲಿನಕ್ಸ್‌ನಲ್ಲಿ ಅದು ಬಿಝಿಬಾಕ್ಸ್‌ನ ಆ್ಯಶ್. ಜೋಡಿ ಚೌಕ ಆವರಣ, ಅರೇ ಮುಂತಾದ ಬ್ಯಾಶ್ ಸೌಲಭ್ಯಗಳು ಅಲ್ಲಿ ಕೆಲಸ ಮಾಡದಿದ್ದರೆ ಅದು ದೋಷವಲ್ಲ. ಸ್ಕ್ರಿಪ್ಟಿನೊಳಗೆ ಬ್ಯಾಶ್_ವರ್ಷನ್ ಎಂಬ ಚರವನ್ನು (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು), ದೊಡ್ಡಕ್ಷರಗಳಲ್ಲಿ ಬರೆದು, ಎಕೋ ಆಜ್ಞೆಯಿಂದ ಮುದ್ರಿಸಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ: ಉತ್ತರ ಖಾಲಿಯಿದ್ದರೆ ಅದು ಬ್ಯಾಶ್ ಅಲ್ಲ.

ಮ್ಯಾಕ್ ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬ್ಯಾಶ್ 2009ರ 4.0 ಆವೃತ್ತಿಯಿಂದ ಜಿಪಿಎಲ್ 3ನೇ ಆವೃತ್ತಿಯ ಪರವಾನಗಿಗೆ ಬದಲಾಯಿತು. ಆಪಲ್ ಮಾತ್ರ ಹಳೆಯ 3.2 ಸರಣಿಯನ್ನೇ ಉಳಿಸಿಕೊಂಡು, 2019ರ ಕ್ಯಾಟಲಿನಾದಲ್ಲಿ ಝೆಡ್ ಶೆಲ್ ಅನ್ನು ಪೂರ್ವನಿಯೋಜಿತ ಶೆಲ್ ಆಗಿ ಮಾಡಿತು. ಹಾಗಾಗಿ 4.0ರಲ್ಲಿ ಬಂದ ಅಸೋಸಿಯೇಟಿವ್ ಅರೇ ಮ್ಯಾಕ್‌ನ ಬ್ಯಾಶ್‌ನಲ್ಲಿ ಸಿಗುವುದಿಲ್ಲ. ಇದನ್ನು ಬ್ಯಾಶ್ ನಿರ್ವಾಹಕರಿಗೆ ದೂರಿ ಪ್ರಯೋಜನವಿಲ್ಲ.

ತೊಂದರೆ ಬ್ಯಾಶ್‌ನದ್ದೋ ಬೇರೆ ತಂತ್ರಾಂಶದ್ದೋ ಎಂದು ಹೇಗೆ ಬೇರ್ಪಡಿಸುವುದು?

‘ಟೈಪ್’ ಎಂಬ ಆಜ್ಞೆಯ ನಂತರ ತೊಂದರೆ ಕೊಡುತ್ತಿರುವ ಆಜ್ಞೆಯ ಹೆಸರನ್ನು ಬರೆಯಿರಿ. ಉತ್ತರದಲ್ಲಿ ಶೆಲ್ ಬಿಲ್ಟ್‌ಇನ್ ಎಂದು ಬಂದರೆ ಅದು ಬ್ಯಾಶ್‌ನ ಭಾಗ. ಕಡತದ ಹಾದಿ ಬಂದರೆ ಬೇರೆ ತಂತ್ರಾಂಶ. ಎಲ್‌ಎಸ್, ಸಿಪಿ, ಕ್ಯಾಟ್ ಇವೆಲ್ಲ ಗ್ನು ಕೋರ್‌ಯುಟಿಲ್ಸ್‌ಗೆ ಸೇರಿದವು. ಟ್ಯಾಬ್ ಒತ್ತಿದಾಗ ಆಜ್ಞೆಯ ಆಯ್ಕೆಗಳನ್ನು ತುಂಬಿಕೊಡುವ ಬ್ಯಾಶ್-ಕಂಪ್ಲೀಷನ್, ಹೆಸರಿನಲ್ಲಿ ಬ್ಯಾಶ್ ಇದ್ದರೂ, ಪ್ರತ್ಯೇಕ ಯೋಜನೆ. ತಪ್ಪು ಆಜ್ಞೆ ಕೊಟ್ಟಾಗ ‘ಈ ಪ್ಯಾಕೇಜನ್ನು ಸ್ಥಾಪಿಸಿ’ ಎಂದು ಉಬುಂಟು ಹೇಳುವ ಸಲಹೆಯೂ ಬ್ಯಾಶ್‌ನದ್ದಲ್ಲ. ಆಜ್ಞೆ ಸಿಗದಾಗ ಕರೆಯಲೆಂದು ಬ್ಯಾಶ್ ಒದಗಿಸಿರುವ ಒಂದು ಫಂಕ್ಷನ್‌ನಲ್ಲಿ ಉಬುಂಟುವಿನಂಥ ಲಿನಕ್ಸ್ ವಿತರಣೆಯವರು ಅದನ್ನು ಸೇರಿಸಿರುತ್ತಾರೆ. ಸಾಲಿನಲ್ಲಿ ಕರ್ಸರ್ ಓಡಾಡುವುದು, ಹಳೆಯ ಆಜ್ಞೆಗಳನ್ನು ಹುಡುಕುವುದು ಇವು ರೀಡ್‌ಲೈನ್ ಲೈಬ್ರರಿಯ ಕೆಲಸಗಳು. ಅದಕ್ಕೂ ಚೆಟ್ ರೇಮಿಯವರೇ ನಿರ್ವಾಹಕರಾದ್ದರಿಂದ ಇಲ್ಲಿ ವಿಳಾಸ ತಪ್ಪಿದರೂ ದೊಡ್ಡ ಹಾನಿಯಿಲ್ಲ.

ನಿಮ್ಮ ವೈಯಕ್ತಿಕ ಸಂರಚನೆಯೇ ತೊಂದರೆಗೆ ಕಾರಣವೇ ಎಂಬುದನ್ನೂ ಪರೀಕ್ಷಿಸಬೇಕು. ‘ಎನ್ವ್’ ಆಜ್ಞೆಗೆ -ಐ ಆಯ್ಕೆ ಕೊಟ್ಟು, ಅದರ ಮೂಲಕ ಬ್ಯಾಶ್ ಅನ್ನು --ನೊಆರ್‌ಸಿ ಮತ್ತು --ನೊಪ್ರೊಫೈಲ್ ಆಯ್ಕೆಗಳೊಂದಿಗೆ ಓಡಿಸಿದರೆ, ಪರಿಸರ ಚರಗಳೂ ಆರಂಭದ ಕಡತಗಳೂ ಇಲ್ಲದ ಶುದ್ಧ ಶೆಲ್ ಸಿಗುತ್ತದೆ. ಅಲ್ಲಿ ತೊಂದರೆ ಮಾಯವಾದರೆ ಬ್ಯಾಶ್‌ಆರ್‌ಸಿ ಕಡತದಲ್ಲಿರುವ ಅಲಿಯಾಸ್, ಪ್ರಾಂಪ್ಟ್ ಮುಂತಾದವನ್ನು ಒಂದೊಂದಾಗಿ ತೆಗೆದು ನೋಡಿ.

ದೋಷದಂತೆ ಕಂಡರೂ ದೋಷವಲ್ಲದ ಸಂಗತಿಗಳು ಯಾವುವು?

ಇಂಥವು ಬಹಳ ಇವೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡೇಟ್ ಆಜ್ಞೆಯಿಂದ ತಿಂಗಳ ಸಂಖ್ಯೆಯನ್ನು ಪಡೆದು, ಅದಕ್ಕೆ ಒಂದು ಕೂಡಿಸಿ ಮುಂದಿನ ತಿಂಗಳನ್ನು ಲೆಕ್ಕಹಾಕುವ ಸ್ಕ್ರಿಪ್ಟ್ ಒಂದಿದೆ ಎನ್ನಿ. ಜನವರಿಯಿಂದ ಜುಲೈವರೆಗೆ ಅದು ಸರಿಯಾಗಿಯೇ ಓಡುತ್ತದೆ. ಆಗಸ್ಟ್ ಒಂದರಂದು ಇದ್ದಕ್ಕಿದ್ದಂತೆ ದೋಷ ಸಂದೇಶ ಕೊಟ್ಟು ನಿಲ್ಲುತ್ತದೆ, ಸೆಪ್ಟೆಂಬರ್ ಪೂರ್ತಿ ಹಾಗೆಯೇ ಇದ್ದು ಅಕ್ಟೋಬರ್‌ನಲ್ಲಿ ಯಾರೂ ಮುಟ್ಟದೆಯೇ ಸರಿಹೋಗುತ್ತದೆ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಬ್ಯಾಶ್‌ನ ಅಂಕಗಣಿತ ಅಷ್ಟಮಾನ ಪದ್ಧತಿಯದ್ದೆಂದು ಓದುವುದೇ ಇದಕ್ಕೆ ಕಾರಣ. 01ರಿಂದ 07ರವರೆಗೆ ಎರಡೂ ಪದ್ಧತಿಗಳಲ್ಲಿ ಬೆಲೆ ಒಂದೇ. ಅಷ್ಟಮಾನದಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲವಾದ್ದರಿಂದ 08 ಮತ್ತು 09 ತಪ್ಪು ಸಂಖ್ಯೆಗಳಾಗುತ್ತವೆ. ಸಂಖ್ಯೆಯ ಮುಂದೆ 10# ಎಂದು ಬರೆದರೆ ಅದು ದಶಮಾನವೆಂದು ಬ್ಯಾಶ್‌ಗೆ ತಿಳಿಯುತ್ತದೆ. ವರ್ತನೆ ಎಷ್ಟೇ ವಿಚಿತ್ರವಾಗಿ ಕಂಡರೂ ಕೈಪಿಡಿಯಲ್ಲಿ ಹೀಗೆಂದೇ ಬರೆದಿರುವುದರಿಂದ ಅದನ್ನು ಬದಲಿಸಿದರೆ ಇದನ್ನು ನಂಬಿರುವ ಹಳೆಯ ಸ್ಕ್ರಿಪ್ಟುಗಳು ಮುರಿಯುತ್ತವೆ.

ಒಂದು ಆಜ್ಞೆಯ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಚಿಹ್ನೆಯ ನಂತರ ಬರೆದ ವೈಲ್ ಲೂಪಿನಲ್ಲಿ ಬದಲಿಸಿದ ಚರ, ಲೂಪ್ ಮುಗಿದ ಮೇಲೆ ಹಳೆಯ ಬೆಲೆಗೇ ಮರಳಿರುವುದು ಇನ್ನೊಂದು ಸಾಮಾನ್ಯ ದೂರು. ಪೈಪಿನ ಪ್ರತಿ ಭಾಗವೂ ಮೂಲ ಶೆಲ್‌ನ ನಕಲಾದ ಪ್ರತ್ಯೇಕ ಉಪಶೆಲ್‌ನಲ್ಲಿ ಓಡುವುದರಿಂದ ಹೀಗಾಗುತ್ತದೆ. 4.2 ಆವೃತ್ತಿಯಲ್ಲಿ ಬಂದ ಲಾಸ್ಟ್‌ಪೈಪ್ ಆಯ್ಕೆ ಸ್ಕ್ರಿಪ್ಟುಗಳಲ್ಲಿ ಇದಕ್ಕೆ ಪರಿಹಾರ ಕೊಡುತ್ತದೆ. ಚೌಕ ಆವರಣದಲ್ಲಿ ಸಣ್ಣ ಎ ಯಿಂದ ಝೆಡ್‌ವರೆಗೆ ಎಂದು ಬರೆದ ವಿನ್ಯಾಸಕ್ಕೆ ದೊಡ್ಡಕ್ಷರದ ಕಡತಗಳೂ ಹೊಂದುತ್ತಿದ್ದ ತೊಂದರೆ, ಭಾಷೆ ಮತ್ತು ಪ್ರದೇಶವನ್ನು ಸೂಚಿಸುವ ಲೊಕೇಲ್‌ನ ಅಕಾರಾದಿ ಕ್ರಮದಿಂದ ಬರುತ್ತಿತ್ತು, 5.0 ಆವೃತ್ತಿಯಿಂದ ಗ್ಲೋಬ್‌ಆಸ್ಕಿರೇಂಜಸ್ ಆಯ್ಕೆ ಪೂರ್ವನಿಯೋಜಿತವಾಗಿ ಚಾಲೂ ಇರುವುದರಿಂದ ಈಗ ಅದು ವಿರಳ.

ಕನ್ನಡ ಅಕ್ಷರಗಳು ಸರಿಯಾಗಿ ಬಾರದಿದ್ದರೆ ಅದನ್ನು ವರದಿ ಮಾಡಬಹುದೇ?

ಮಾಡಬಹುದು, ಆದರೆ ಯಾರಿಗೆ ಎಂಬುದು ಮುಖ್ಯ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುವುದು, ಗುಣಿತದ ಚಿಹ್ನೆ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುವುದು ಇವು ಟರ್ಮಿನಲ್ ತಂತ್ರಾಂಶ ಮತ್ತು ಫಾಂಟಿಗೆ ಸೇರಿದ ತೊಂದರೆಗಳು. ಬ್ಯಾಶ್ ಬೈಟುಗಳನ್ನು ಕಳುಹಿಸುತ್ತದೆ, ಅವನ್ನು ಚಿತ್ರಿಸುವುದು ಟರ್ಮಿನಲ್. ಅದೇ ಪಠ್ಯವನ್ನು ಒಂದು ಕಡತಕ್ಕೆ ಬರೆದು ಪಠ್ಯ ಸಂಪಾದಕದಲ್ಲಿ ತೆರೆದಾಗ ಸರಿಯಾಗಿ ಕಂಡರೆ ಬ್ಯಾಶ್ ತಪ್ಪಿತಸ್ಥನಲ್ಲ.

ಉದ್ದದ ಲೆಕ್ಕದಲ್ಲಿಯೂ ಹೀಗೆಯೇ ಗೊಂದಲವಾಗುತ್ತದೆ. ‘ಕನ್ನಡ’ ಎಂಬ ಪದದ ಉದ್ದವನ್ನು ಬ್ಯಾಶ್‌ಗೆ ಕೇಳಿದರೆ, ಯುಟಿಎಫ್-8 ಲೊಕೇಲ್‌ನಲ್ಲಿ ಉತ್ತರ 5 ಎಂದು ಬರುತ್ತದೆ. ಕಣ್ಣಿಗೆ ಮೂರೇ ಅಕ್ಷರಗಳು ಕಂಡರೂ ಯುನಿಕೋಡ್‌ನಲ್ಲಿ ಅದು ಕ, ನ, ಅರ್ಧಾಕ್ಷರದ ಚಿಹ್ನೆ (ವಿರಾಮ), ನ, ಡ ಎಂಬ ಐದು ಸಂಕೇತಗಳ ಸಾಲು. ಸಿ ಲೊಕೇಲ್‌ನಲ್ಲಿ ಬೈಟುಗಳ ಲೆಕ್ಕ ನಡೆಯುವುದರಿಂದ ಅದೇ ಪ್ರಶ್ನೆಗೆ ಉತ್ತರ 15. ಪ್ರಿಂಟ್‌ಎಫ್ ಆಜ್ಞೆಯಲ್ಲಿ ಇಪ್ಪತ್ತು ಸ್ಥಾನಗಳ ಅಂಕಣ ಕೇಳಿದರೆ ಈ ಪದದ ಹಿಂದೆ ಐದು ಖಾಲಿ ಜಾಗಗಳು ಮಾತ್ರ ಬಿದ್ದು, ಕನ್ನಡ ಹೆಸರುಗಳ ಪಟ್ಟಿ ವಕ್ರವಾಗಿ ಮೂಡುತ್ತದೆ, ಏಕೆಂದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪೋಸಿಕ್ಸ್ ಮಾನದಂಡದ ಪ್ರಕಾರ ಅಲ್ಲಿ ಅಗಲ ಬೈಟುಗಳಲ್ಲಿದೆ. ನಮಗೆ ಅನನುಕೂಲವೇ, ಆದರೆ ನಿಯಮದಂತೆ ನಡೆದಿದೆ.

ಚರದ ಹೆಸರನ್ನು ಕನ್ನಡದಲ್ಲಿಡಲು ಬ್ಯಾಶ್ ಬಿಡುವುದಿಲ್ಲ. ‘ಹೆಸರು=ರವಿ’ ಎಂದು ಟೈಪ್ ಮಾಡಿದರೆ ಆ ಇಡೀ ತುಂಡನ್ನೇ ಒಂದು ಆಜ್ಞೆಯ ಹೆಸರೆಂದು ಓದಿ, ಅಂಥ ಆಜ್ಞೆ ಸಿಗಲಿಲ್ಲ ಎಂದು ಹೇಳುತ್ತದೆ. ಫಂಕ್ಷನ್‌ಗಳ ಹೆಸರಿಗೆ ಮಾತ್ರ ಈ ಕಟ್ಟುಪಾಡಿಲ್ಲ: ‘ಪಟ್ಟಿ’ ಎಂಬ ಫಂಕ್ಷನ್ ಬರೆದು ಅದರಿಂದ ಕಡತಗಳ ಪಟ್ಟಿ ಪಡೆಯಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಣದ ಅಕ್ಷರ. ‘ಬ್ಯಾಶ್‌ನ’ ಎಂಬಂಥ ರೂಪಗಳಲ್ಲಿ ಒತ್ತು ಬೀಳದಂತೆ ತಡೆಯುವ ಶೂನ್ಯ ಅಗಲದ ಸಂಕೇತವನ್ನು ನಾವು ದಿನವೂ ಬಳಸುತ್ತೇವೆ. ಕನ್ನಡ ಬರಹದ ನಡುವಿನಿಂದ ಆಜ್ಞೆಯೊಂದನ್ನು ನಕಲು ಮಾಡುವಾಗ ಆ ಸಂಕೇತವೂ ಅಂಟಿಕೊಂಡು ಬಂದರೆ, ಪರದೆಯ ಮೇಲೆ ಆಜ್ಞೆ ಸರಿಯಾಗಿಯೇ ಕಾಣುತ್ತಿದ್ದರೂ ಅದು ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಸಾಲನ್ನು ‘ಓಡಿ’ (od) ಆಜ್ಞೆಗೆ -ಟಿ ಎಕ್ಸ್1 ಆಯ್ಕೆಯೊಂದಿಗೆ, ಅಥವಾ ಹೆಕ್ಸ್‌ಡಂಪ್ ಆಜ್ಞೆಗೆ ದೊಡ್ಡಕ್ಷರದ -ಸಿ ಆಯ್ಕೆಯೊಂದಿಗೆ ಪೈಪ್ ಮಾಡಿ ಬೈಟುಗಳನ್ನು ನೋಡಿ. ಇ2 80 8ಸಿ ಎಂಬ ಮೂರು ಬೈಟುಗಳು ಕಂಡರೆ ಅದೇ ಇದು.

ನನ್ನ ಬಳಿ ಇರುವುದು ಹಳೆಯ ಆವೃತ್ತಿ. ಅದರಲ್ಲೇ ವರದಿ ಮಾಡಬಹುದೇ?

ಹೊಸ ಆವೃತ್ತಿಯಲ್ಲಿಯೂ ದೋಷ ಇದೆಯೇ ಎಂದು ಮೊದಲು ಪರೀಕ್ಷಿಸಬೇಕೆಂದು ಬ್ಯಾಶ್ ಕೈಪಿಡಿಯೇ ಕೇಳುತ್ತದೆ. ಬ್ಯಾಶ್ --ವರ್ಷನ್ ಎಂದಾಗ ಬರುವ 5.2.15 ಎಂಬಂಥ ಸಂಖ್ಯೆಯಲ್ಲಿ ಮೊದಲೆರಡು ಭಾಗಗಳು ಬಿಡುಗಡೆಯನ್ನು, ಮೂರನೆಯದು ಆ ಬಿಡುಗಡೆಗೆ ಬಂದಿರುವ ಅಧಿಕೃತ ತಿದ್ದುಪಡಿಗಳಾದ ಪ್ಯಾಚ್‌ಗಳಲ್ಲಿ ಎಷ್ಟನೆಯದರವರೆಗೆ ಸೇರಿದೆ ಎಂಬುದನ್ನು ಹೇಳುತ್ತವೆ. ಮೂಲ ಸಂಕೇತವನ್ನು ಇಳಿಸಿಕೊಂಡು, ಕಾನ್ಫಿಗರ್ ಮಾಡುವಾಗ --ಪ್ರಿಫಿಕ್ಸ್ ಆಯ್ಕೆಯಲ್ಲಿ ನಿಮ್ಮ ಹೋಮ್ ಡೈರೆಕ್ಟರಿಯ ಒಂದು ಹಾದಿ ಕೊಟ್ಟರೆ, ವ್ಯವಸ್ಥೆಯ ಶೆಲ್ ಅನ್ನು ಮುಟ್ಟದೆಯೇ ಹೊಸ ಬ್ಯಾಶ್ ಕಟ್ಟಿಕೊಳ್ಳಬಹುದು. ಅದಕ್ಕೆ ಅನುಕೂಲವಿಲ್ಲದಿದ್ದರೆ ನಿಮ್ಮ ವಿತರಣೆಯ ದೋಷ ವ್ಯವಸ್ಥೆಗೆ ವರದಿ ಮಾಡಿ. ವಿತರಣೆಯವರು ತಮ್ಮದೇ ಪ್ಯಾಚ್‌ಗಳನ್ನು ಸೇರಿಸಿರುವ ಸಾಧ್ಯತೆಯೂ ಇರುವುದರಿಂದ ಅದು ಕೆಳದರ್ಜೆಯ ದಾರಿಯೇನಲ್ಲ.

ಬ್ಯಾಶ್‌ಬಗ್ ಎಂದರೇನು, ಅದನ್ನು ಬಳಸುವುದು ಹೇಗೆ?

ಬ್ಯಾಶ್‌ನ ಜೊತೆಯಲ್ಲೇ ಬರುವ ವರದಿ ಸಾಧನ ಅದು. ಟರ್ಮಿನಲ್‌ನಲ್ಲಿ ಬ್ಯಾಶ್‌ಬಗ್ ಎಂದು ಟೈಪ್ ಮಾಡಿದರೆ ಅದು ಯಂತ್ರದ ಬಗೆ, ಆಪರೇಟಿಂಗ್ ಸಿಸ್ಟಂ, ಬ್ಯಾಶ್ ಕಟ್ಟಲು ಬಳಸಿದ ಕಂಪೈಲರ್ ಮತ್ತು ಅದರ ಆಯ್ಕೆಗಳು, ಆವೃತ್ತಿ, ಪ್ಯಾಚ್ ಮಟ್ಟ ಇವನ್ನು ತಾನೇ ತುಂಬಿ, ಎಡಿಟರ್ ಎಂಬ ಪರಿಸರ ಚರದಲ್ಲಿ ನೀವು ಸೂಚಿಸಿರುವ ಸಂಪಾದಕದಲ್ಲಿ ಒಂದು ನಮೂನೆಯನ್ನು ತೆರೆಯುತ್ತದೆ. ಕೆಳಗಿನ ಮೂರು ಭಾಗಗಳು ನಿಮಗಾಗಿ ಮೀಸಲು: ದೋಷದ ವಿವರಣೆ, ಅದನ್ನು ಮತ್ತೆ ಉಂಟುಮಾಡುವ ವಿಧಾನ, ಮತ್ತು ಗೊತ್ತಿದ್ದರೆ ಪರಿಹಾರ. ಪರಿಹಾರ ಗೊತ್ತಿಲ್ಲದಿದ್ದರೆ ಆ ಭಾಗವನ್ನು ತೆಗೆದುಹಾಕಿ. ವಿಷಯದ ಸಾಲನ್ನು ತಪ್ಪದೆ ಬದಲಿಸಬೇಕು. ‘ಬ್ಯಾಶ್ ಕೆಲಸ ಮಾಡುತ್ತಿಲ್ಲ’ ಎಂಬುದಕ್ಕಿಂತ ‘ರೀಡ್ ಆಜ್ಞೆಯ -ಟಿ ಆಯ್ಕೆಯಲ್ಲಿ ಭಿನ್ನರಾಶಿ ಕೊಟ್ಟಾಗ ಶೆಲ್ ಕುಸಿಯುತ್ತದೆ’ ಎಂಬಂಥ ವಿಷಯ ಓದುವವರಿಗೆ ಉಪಯುಕ್ತ.

ಕಳುಹಿಸಲೇ ಎಂದು ಕೊನೆಯಲ್ಲಿ ಅದು ಕೇಳುತ್ತದೆ. ಹೌದೆಂದರೆ ಬಗ್-ಬ್ಯಾಶ್ ಎಂಬ ಗ್ನು ಅಂಚೆಪಟ್ಟಿಗೆ ಮಿಂಚಂಚೆ ಹೋಗುತ್ತದೆ. ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅಂಚೆ ಕಳುಹಿಸುವ ವ್ಯವಸ್ಥೆಯನ್ನೇ ಹೊಂದಿಸಿರುವುದಿಲ್ಲ. ಅಂಥಲ್ಲಿ ಕಳುಹಿಸುವುದು ವಿಫಲವಾದರೆ ವರದಿ ಹೋಮ್ ಡೈರೆಕ್ಟರಿಯಲ್ಲಿ ಡೆಡ್.ಬ್ಯಾಶ್‌ಬಗ್ ಎಂಬ ಕಡತದಲ್ಲಿ ಉಳಿಯುತ್ತದೆ. ಅದನ್ನು ನಕಲು ಮಾಡಿ ನಿಮ್ಮ ಎಂದಿನ ಮಿಂಚಂಚೆಯಿಂದ ಸಾದಾ ಪಠ್ಯವಾಗಿ ಕಳುಹಿಸಿ. ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ತಾನೇ ತುಂಬುವ ವಿವರಗಳಲ್ಲಿ ನಿಮ್ಮ ಗಣಕದ ಹೆಸರೂ ಇರುತ್ತದೆ, ಅಂಚೆಪಟ್ಟಿಯ ಸಂಗ್ರಹ ಎಲ್ಲರಿಗೂ ತೆರೆದಿರುತ್ತದೆ. ಕಚೇರಿಯ ಯಂತ್ರವಾದರೆ ಆ ಹೆಸರನ್ನು ಅಳಿಸಿ ಕಳುಹಿಸುವುದು ಲೇಸು.

ದೋಷವನ್ನು ಮತ್ತೆ ಉಂಟುಮಾಡುವ ಸ್ಕ್ರಿಪ್ಟ್ ಎಷ್ಟು ಚಿಕ್ಕದಿರಬೇಕು?

ಇನ್ನೊಂದು ಸಾಲು ತೆಗೆದರೂ ದೋಷ ಕಾಣದಾಗುವಷ್ಟು. ಮುನ್ನೂರು ಸಾಲಿನ ಸ್ಕ್ರಿಪ್ಟನ್ನು ಹಾಗೆಯೇ ಕಳುಹಿಸಿದರೆ ಅದನ್ನು ಅರ್ಥಮಾಡಿಕೊಳ್ಳುವ ಹೊರೆ ಓದುವವರ ಮೇಲೆ ಬೀಳುತ್ತದೆ. ಸ್ಕ್ರಿಪ್ಟಿನ ಅರ್ಧ ತೆಗೆದು ಓಡಿಸಿ. ದೋಷ ಉಳಿದರೆ ಉಳಿದ ಭಾಗವನ್ನೇ ಮತ್ತೆ ಅರ್ಧಮಾಡಿ, ದೋಷ ಹೋದರೆ ತೆಗೆದ ಅರ್ಧವನ್ನು ಮರಳಿಸಿ ಇನ್ನೊಂದರ್ಧವನ್ನು ತೆಗೆಯಿರಿ. ನಂತರ ಹೊರಗಿನ ಕಡತಗಳ ಬದಲು ಸ್ಕ್ರಿಪ್ಟಿನೊಳಗೇ ಬರೆದ ಎರಡು ಸಾಲಿನ ದತ್ತಾಂಶ, ನಿಮ್ಮ ಸಂಸ್ಥೆಯ ಸರ್ವರ್‌ನ ಬದಲು ಒಂದು ಎಕೋ ಬಳಸಿ. ಸೆಟ್ -ಎಕ್ಸ್ ಹಾಕಿದರೆ ಪ್ರತಿ ಆಜ್ಞೆಯೂ ವಿಸ್ತರಣೆಯ ನಂತರ ಹೇಗೆ ಕಾಣುತ್ತದೆ ಎಂಬುದು ತೆರೆಯ ಮೇಲೆ ಬರುವುದರಿಂದ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ಹೀಗೆ ಕಿರಿದು ಮಾಡುತ್ತಾ ಹೋದಾಗ ಎಷ್ಟೋ ದೋಷಗಳು ಬ್ಯಾಶ್‌ನವಲ್ಲ, ಉದ್ಧರಣ ಚಿಹ್ನೆ ಮರೆತ ನಮ್ಮ ಸಾಲಿನವು ಎಂದು ವರದಿಗೆ ಮುಂಚೆಯೇ ಗೊತ್ತಾಗುತ್ತದೆ.

ಏನಾಗಬೇಕಿತ್ತು ಮತ್ತು ಏನಾಯಿತು ಎಂಬ ಎರಡನ್ನೂ ಬರೆಯಿರಿ. ದೋಷ ಸಂದೇಶವನ್ನು ಪರದೆಯ ಚಿತ್ರವಾಗಿ ಕಳುಹಿಸಬೇಡಿ, ಪಠ್ಯವಾಗಿ ಅಂಟಿಸಿ.

ವರದಿ ಇಂಗ್ಲಿಷ್‌ನಲ್ಲೇ ಇರಬೇಕೇ?

ಬಗ್-ಬ್ಯಾಶ್‌ನಲ್ಲಿ ಚರ್ಚೆ ನಡೆಯುವುದು ಇಂಗ್ಲಿಷ್‌ನಲ್ಲಿ. ಸೊಗಸಾದ ಇಂಗ್ಲಿಷ್ ಬೇಕಿಲ್ಲ. ಓಡಿಸಬಲ್ಲ ನಾಲ್ಕು ಸಾಲಿನ ಸ್ಕ್ರಿಪ್ಟ್ ಇದ್ದರೆ ವ್ಯಾಕರಣದ ಕೊರತೆಯನ್ನು ಯಾರೂ ಗಮನಿಸುವುದಿಲ್ಲ. ಬೇರೆ ಭಾಷೆಯ ಲೊಕೇಲ್ ಬಳಸುವವರು ಆಜ್ಞೆಯ ಮುಂದೆ ಎಲ್‌ಸಿ_ಆಲ್=ಸಿ ಎಂದು ಬರೆದು ಓಡಿಸಿದರೆ ಸಂದೇಶಗಳು ಮೂಲ ಇಂಗ್ಲಿಷ್‌ನಲ್ಲಿ ಬರುತ್ತವೆ. ಹಾಗೆ ಬದಲಿಸಿದಾಗ ದೋಷವೇ ಕಾಣದಾದರೆ ಅದು ಲೊಕೇಲ್‌ಗೆ ಅಂಟಿದ ದೋಷ ಎಂದರ್ಥ. ಆಗ ಲೊಕೇಲ್ ಆಜ್ಞೆಯ ಪೂರ್ಣ ಉತ್ತರವನ್ನು ವರದಿಯಲ್ಲಿ ಸೇರಿಸಬೇಕು.

ಭದ್ರತೆಗೆ ಸಂಬಂಧಿಸಿದ ದೋಷ ಸಿಕ್ಕರೆ?

ಅಂಚೆಪಟ್ಟಿ ಸಾರ್ವಜನಿಕವಾದ್ದರಿಂದ ಅಲ್ಲಿ ಬರೆಯಬೇಡಿ, ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸಿ. 2014ರ ಶೆಲ್‌ಶಾಕ್ ಪ್ರಕರಣ ಇದಕ್ಕೆ ಮಾದರಿ. ಫಂಕ್ಷನ್‌ಗಳನ್ನು ಪರಿಸರ ಚರಗಳ ಮೂಲಕ ಮಗುಪ್ರಕ್ರಿಯೆಗಳಿಗೆ ದಾಟಿಸುವ ಸೌಲಭ್ಯದಲ್ಲಿ, ಫಂಕ್ಷನ್ ಮುಗಿದ ನಂತರವೂ ಇರುವ ಪಠ್ಯವನ್ನು ಬ್ಯಾಶ್ ಆಜ್ಞೆಯೆಂದು ಓಡಿಸುತ್ತಿತ್ತು. ಜಾಲತಾಣಗಳ ಸಿಜಿಐ ಕಾರ್ಯಕ್ರಮಗಳು ಬಳಕೆದಾರರಿಂದ ಬಂದ ಮಾಹಿತಿಯನ್ನು ಪರಿಸರ ಚರಗಳಲ್ಲೇ ಇಡುವುದರಿಂದ, ದೂರದಿಂದಲೇ ಯಾರು ಬೇಕಾದರೂ ಸರ್ವರ್‌ನಲ್ಲಿ ಆಜ್ಞೆ ಓಡಿಸಬಹುದಿತ್ತು. ಸುಮಾರು 25 ವರ್ಷ ಕಣ್ಣಿಗೆ ಬೀಳದೆ ಉಳಿದಿದ್ದ ಇದನ್ನು ಕಂಡುಹಿಡಿದ ಸ್ಟೆಫಾನ್ ಶಾಜೆಲಾ ಸೆಪ್ಟೆಂಬರ್ 12ರಂದು ಚೆಟ್ ರೇಮಿಯವರಿಗೆ ಖಾಸಗಿಯಾಗಿ ತಿಳಿಸಿದರು. ಸೆಪ್ಟೆಂಬರ್ 24ರಂದು ಸುದ್ದಿ ಬಹಿರಂಗವಾಗುವ ಹೊತ್ತಿಗೆ ಪ್ಯಾಚ್ ಸಿದ್ಧವಿತ್ತು. ಮೊದಲ ಪ್ಯಾಚ್ ಅಪೂರ್ಣವೆಂದು ತಿಳಿದು ಮುಂದಿನ ದಿನಗಳಲ್ಲಿ ಇನ್ನೂ ಕೆಲವು ಬಂದವು. ಇಂದು ದಾಟಿಸಿದ ಫಂಕ್ಷನ್‌ಗಳ ಹೆಸರಿನ ಮುಂದೆ ಬ್ಯಾಶ್_ಫಂಕ್ ಎಂಬ ವಿಶೇಷ ಪೂರ್ವಪದ ಕಾಣುವುದು ಆಗಿನ ತಿದ್ದುಪಡಿಯ ಫಲ.

ವರದಿ ಕಳುಹಿಸಿದ ಮೇಲೆ ಏನಾಗುತ್ತದೆ?

ಉತ್ತರ ಅಂಚೆಪಟ್ಟಿಯಲ್ಲೇ ಬರುತ್ತದೆ. ಒಪ್ಪಿಕೊಂಡ ತಿದ್ದುಪಡಿ ಮೊದಲು ಗ್ನು ಯೋಜನೆಯ ಸವನ್ನಾ ತಾಣದಲ್ಲಿರುವ ಮೂಲ ಸಂಕೇತದ ಭಂಡಾರದ ಡೆವೆಲ್ ಶಾಖೆಗೆ ಸೇರಿ, ಮುಂದಿನ ಬಿಡುಗಡೆಯಲ್ಲಿ ಎಲ್ಲರಿಗೂ ತಲುಪುತ್ತದೆ. ಗಂಭೀರವಾದವು ಈಗಿರುವ ಬಿಡುಗಡೆಗೂ ಸಂಖ್ಯೆಯುಳ್ಳ ಪ್ಯಾಚ್ ಆಗಿ ಬರುತ್ತವೆ. ಇದು ದೋಷವಲ್ಲ ಎಂಬ ಉತ್ತರ ಬಂದರೆ ಬೇಸರಪಡಬೇಕಿಲ್ಲ. ಬಳಕೆಯ ಪ್ರಶ್ನೆಗಳಿಗೆ ಹೆಲ್ಪ್-ಬ್ಯಾಶ್ ಎಂಬ ಬೇರೆ ಪಟ್ಟಿಯಿದೆ.

ಬ್ಯಾಶ್‌ನ ಸಂದೇಶಗಳ ಅನುವಾದ ಎಲ್ಲಿ ನಡೆಯುತ್ತದೆ?

ಬ್ಯಾಶ್ ತನ್ನ ಸಂದೇಶಗಳಿಗೆ ಗ್ನು ಗೆಟ್‌ಟೆಕ್ಸ್ಟ್ ವ್ಯವಸ್ಥೆಯನ್ನು ಬಳಸುತ್ತದೆ. ಮೂಲ ಇಂಗ್ಲಿಷ್ ಸಂದೇಶಗಳೆಲ್ಲ ಒಂದು ಪಿಒಟಿ ಕಡತದಲ್ಲಿರುತ್ತವೆ, ಪ್ರತಿ ಭಾಷೆಗೂ ಅದರ ಸಂಕೇತದ ಹೆಸರಿನ ಒಂದು ಪಿಒ ಕಡತವಿರುತ್ತದೆ. ಈ ಕಡತಗಳು ಮೂಲ ಸಂಕೇತದ ಜೊತೆಯಲ್ಲೇ ಇದ್ದರೂ ಅವುಗಳನ್ನು ನೋಡಿಕೊಳ್ಳುವುದು ಟ್ರಾನ್ಸ್‌ಲೇಷನ್ ಪ್ರಾಜೆಕ್ಟ್ ಎಂಬ ಸ್ವತಂತ್ರ ಯೋಜನೆಯ ಭಾಷಾ ತಂಡಗಳು. ನಿರ್ವಾಹಕರು ಹೊಸ ಪಿಒಟಿ ಕಡತವನ್ನು ಅಲ್ಲಿಗೆ ಕೊಡುತ್ತಾರೆ, ಅನುವಾದಗಳನ್ನು ಅಲ್ಲಿಂದ ಪಡೆಯುತ್ತಾರೆ.

ಆದ್ದರಿಂದ ಅನುವಾದದಲ್ಲಿ ತಪ್ಪು ಕಂಡರೆ ಬಗ್-ಬ್ಯಾಶ್‌ಗೆ ಬರೆಯುವುದು ಸುತ್ತುದಾರಿ. ಪಿಒ ಕಡತದ ತಲೆಬರಹದಲ್ಲಿ ಕೊನೆಯ ಅನುವಾದಕರು ಮತ್ತು ಭಾಷಾ ತಂಡದ ವಿಳಾಸ ಇರುತ್ತದೆ, ಅಲ್ಲಿಗೆ ತಿಳಿಸಿ. ಇಂಗ್ಲಿಷ್ ಮೂಲದಲ್ಲೇ ತಪ್ಪಿದ್ದರೆ, ಅಥವಾ ಅನುವಾದಿಸಲು ಬಾರದಂತೆ ವಾಕ್ಯವನ್ನು ತುಂಡು ಮಾಡಿ ಜೋಡಿಸಿದ್ದರೆ, ಅದು ನಿರ್ವಾಹಕರಿಗೆ ಸೇರಿದ ವಿಷಯ.

ಬ್ಯಾಶ್‌ಗೆ ಕನ್ನಡ ಅನುವಾದ ಇದೆಯೇ? ಇಲ್ಲದಿದ್ದರೆ ಆರಂಭಿಸುವುದು ಹೇಗೆ?

5.2 ಆವೃತ್ತಿಯ ಪಿಒ ಡೈರೆಕ್ಟರಿಯಲ್ಲಿ ಕನ್ನಡದ ಕಡತವಿಲ್ಲ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳು ಕನ್ನಡ ಕಂಡಿದ್ದರೂ ಟರ್ಮಿನಲ್ ಹಿಂದೆ ಉಳಿದಿದೆ. ಟರ್ಮಿನಲ್ ಬಳಸುವವರಿಗೆ ಇಂಗ್ಲಿಷ್ ಸಾಕು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಅಜ್ಞಾತ ಆಯ್ಕೆ, ಅನುಮತಿ ಇಲ್ಲ ಎಂಬಂಥ ಸಂದೇಶಗಳ ವಿಷಯದಲ್ಲಿ ಅದು ನಿಜವಿರಬಹುದು, ಆದರೆ ಪಿಒ ಕಡತದ ದೊಡ್ಡ ಪಾಲು ಹೆಲ್ಪ್ ಆಜ್ಞೆ ತೋರಿಸುವ ದೀರ್ಘ ವಿವರಣೆಗಳು; ಕನ್ನಡ ಮಾಧ್ಯಮದಿಂದ ಬಂದು ಲಿನಕ್ಸ್ ಕಲಿಯುವ ವಿದ್ಯಾರ್ಥಿಗೆ ಅವು ನಿಜಕ್ಕೂ ಬೇಕಾದವು.

ಆರಂಭಿಸುವ ಮೊದಲು ಟ್ರಾನ್ಸ್‌ಲೇಷನ್ ಪ್ರಾಜೆಕ್ಟ್‌ನಲ್ಲಿ ಕನ್ನಡ ತಂಡದ ಪುಟ ನೋಡಿ, ತಂಡದವರನ್ನು ಸಂಪರ್ಕಿಸಿ. ಅಲ್ಲಿ ಒಂದು ತಂತ್ರಾಂಶವನ್ನು ಒಬ್ಬ ಅನುವಾದಕರಿಗೆ ವಹಿಸುವ ಪದ್ಧತಿಯಿದೆ, ಇಬ್ಬರು ಪರಸ್ಪರ ತಿಳಿಯದೆ ಒಂದೇ ಕೆಲಸ ಮಾಡುವುದು ಇದರಿಂದ ತಪ್ಪುತ್ತದೆ. ಕೆಲವು ಗ್ನು ತಂತ್ರಾಂಶಗಳಿಗೆ ಅನುವಾದಕರು ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ಗೆ ಹಕ್ಕುತ್ಯಾಗದ ಪತ್ರವನ್ನೂ ಸಹಿ ಮಾಡಿ ಕೊಡಬೇಕಾಗುತ್ತದೆ. ಅದನ್ನು ಮೊದಲೇ ವಿಚಾರಿಸಿಕೊಂಡರೆ ಕೆಲಸ ಮುಗಿದ ಮೇಲೆ ಕಾಯುವುದು ತಪ್ಪುತ್ತದೆ. ಆಮೇಲೆ ಎಂಎಸ್‌ಜಿಇನಿಟ್ ಆಜ್ಞೆಯಿಂದ ಕೆಎನ್ ಎಂಬ ಹೆಸರಿನ ಪಿಒ ಕಡತ ಸೃಷ್ಟಿಸಿ, ಪೋಎಡಿಟ್, ಲೋಕಲೈಜ್ ಅಥವಾ ಇಮ್ಯಾಕ್ಸ್‌ನ ಪಿಒ ವಿಧಾನದಲ್ಲಿ ಕೆಲಸ ಮಾಡಬಹುದು. ಕನ್ನಡದ ಬಹುವಚನಕ್ಕೆ ಎರಡು ರೂಪಗಳು: ಸಂಖ್ಯೆ ಒಂದಿದ್ದರೆ ಮೊದಲನೆಯದು, ಉಳಿದೆಲ್ಲಕ್ಕೂ ಎರಡನೆಯದು.

ಕನ್ನಡಕ್ಕೆ ತರುವಾಗ ಎದುರಾಗುವ ತೊಡಕುಗಳು ಯಾವುವು?

ಮೊದಲನೆಯದು ವಿಭಕ್ತಿ. ಸಂದೇಶದಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಕ್ಷರವಿರುವ ಕಡೆ ಓಡುವ ಹೊತ್ತಿಗೆ ಯಾವುದೋ ಹೆಸರು ಬಂದು ಕೂರುತ್ತದೆ. ಅದಕ್ಕೆ ನೇರವಾಗಿ ‘ಅನ್ನು’, ‘ಇಗೆ’ ಹಚ್ಚಿದರೆ ಸಂಧಿಯಾಗದೆ ವಾಕ್ಯ ಒಡೆದು ಕಾಣುತ್ತದೆ. ‘%ಎಸ್ ಎಂಬ ಕಡತವನ್ನು ತೆರೆಯಲಾಗಲಿಲ್ಲ’, ‘%ಎಸ್ ಎಂಬ ಹೆಸರಿನ ಚರಕ್ಕೆ’ ಎಂದು ನಡುವೆ ಒಂದು ನಾಮಪದವನ್ನು ಇಟ್ಟು ಪ್ರತ್ಯಯವನ್ನು ಅದಕ್ಕೆ ಹಚ್ಚುವುದು ಸುರಕ್ಷಿತ.

ಎರಡನೆಯದು ಪದಗಳ ಕ್ರಮ. ಇಂಗ್ಲಿಷ್‌ನಲ್ಲಿ ಮೊದಲು ಬಂದ ಹೆಸರು ಕನ್ನಡದಲ್ಲಿ ನಂತರ ಬರಬೇಕಾದರೆ ಗುರುತುಗಳನ್ನು ಸುಮ್ಮನೆ ಅದಲುಬದಲು ಮಾಡುವಂತಿಲ್ಲ. ಹಾಗೆ ಮಾಡಿದರೆ ಸಂಖ್ಯೆಯ ಜಾಗಕ್ಕೆ ಪಠ್ಯ ಹೋಗಿ ಶೆಲ್ ಕುಸಿಯಲೂಬಹುದು. %1$ಎಸ್, %2$ಎಸ್ ಎಂದು ಸ್ಥಾನಸಂಖ್ಯೆ ಕೊಟ್ಟು ಬರೆಯಬೇಕು. ಒಂದಕ್ಕೆ ಕೊಟ್ಟರೆ ಅದೇ ಸಂದೇಶದ ಎಲ್ಲಕ್ಕೂ ಕೊಡಬೇಕು.

ಹೆಲ್ಪ್ ಪಠ್ಯದಲ್ಲಿ ಆಜ್ಞೆಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಅನುವಾದಿಸಬಾರದು, ಲಿಪ್ಯಂತರವನ್ನೂ ಮಾಡಬಾರದು, ಏಕೆಂದರೆ ಓದುಗರು ಅವನ್ನು ಹಾಗೆಯೇ ಟೈಪ್ ಮಾಡಬೇಕು. ಪಾರಿಭಾಷಿಕ ಪದಗಳಿಗೆ ಕಡತ, ಗುಪ್ತಪದ ಎಂದು ಡೆಸ್ಕ್‌ಟಾಪ್ ಅನುವಾದಗಳಲ್ಲಿ ಈಗಾಗಲೇ ಬಳಕೆಯಲ್ಲಿರುವುದನ್ನೇ ಮುಂದುವರಿಸಿ. ಪೈಪ್, ಸ್ಕ್ರಿಪ್ಟ್, ಅಲಿಯಾಸ್ ಮುಂತಾದವನ್ನು ಜನ ಹೇಳುವಂತೆಯೇ ಉಳಿಸುವುದು ನನ್ನ ಮಟ್ಟಿಗೆ ಸರಿ.

ಹೊಸ ಆವೃತ್ತಿ ಬಂದಾಗ ಹಳೆಯ ಅನುವಾದವನ್ನು ನವೀಕರಿಸುವುದು ಹೇಗೆ?

ಎಂಎಸ್‌ಜಿಮರ್ಜ್ ಆಜ್ಞೆ ಹಳೆಯ ಪಿಒ ಕಡತವನ್ನು ಹೊಸ ಪಿಒಟಿಯೊಂದಿಗೆ ಹೊಂದಿಸುತ್ತದೆ. ಬದಲಾಗದ ಸಂದೇಶಗಳ ಅನುವಾದ ಹಾಗೆಯೇ ಉಳಿಯುತ್ತದೆ, ತೆಗೆದುಹಾಕಿದ ಸಂದೇಶಗಳು ಕಡತದ ಕೊನೆಗೆ ಹೋಗುತ್ತವೆ, ಸ್ವಲ್ಪ ಬದಲಾದವಕ್ಕೆ ಹಳೆಯ ಅನುವಾದವನ್ನೇ ಇಟ್ಟು ‘ಫಝಿ’ ಎಂದು ಗುರುತು ಹಾಕಲಾಗುತ್ತದೆ. ಆ ಗುರುತಿರುವ ಅನುವಾದಗಳು ಬಳಕೆದಾರರಿಗೆ ಕಾಣುವುದೇ ಇಲ್ಲ, ಬದಲಿಗೆ ಇಂಗ್ಲಿಷ್ ಬರುತ್ತದೆ. ‘ಅನುವಾದ ಮಾಡಿದ್ದೆ, ಈಗ ಮಾಯವಾಗಿದೆ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಒಂದೊಂದನ್ನೂ ಓದಿ, ತಿದ್ದಿ, ಆಮೇಲೆ ಗುರುತು ತೆಗೆಯಿರಿ. ಓದದೆ ಒಟ್ಟಿಗೆ ತೆಗೆದರೆ, ‘ಮಾಡಬಹುದು’ ಎಂದಿದ್ದದ್ದು ‘ಮಾಡಬಾರದು’ ಎಂದಾಗಿರುವುದು ಗಮನಕ್ಕೆ ಬರದೆ ಉಳಿದೀತು. ಅದಕ್ಕಿಂತ ಇಂಗ್ಲಿಷ್ ಇರುವುದೇ ವಾಸಿ.

ಕಳುಹಿಸುವ ಮುನ್ನ ಪರೀಕ್ಷಿಸುವುದು ಹೇಗೆ?

ಎಂಎಸ್‌ಜಿಎಫ್‌ಎಂಟಿ ಆಜ್ಞೆಗೆ -ಸಿ ಆಯ್ಕೆ ಕೊಟ್ಟರೆ ಗುರುತುಗಳು ಹೊಂದದಿರುವುದು, ಮೂಲದ ಕೊನೆಯಲ್ಲಿದ್ದ ಹೊಸಸಾಲಿನ ಚಿಹ್ನೆ ಅನುವಾದದಲ್ಲಿ ಬಿಟ್ಟುಹೋಗಿರುವುದು ಮುಂತಾದ ತಪ್ಪುಗಳನ್ನು ಹೇಳುತ್ತದೆ. --ಸ್ಟ್ಯಾಟಿಸ್ಟಿಕ್ಸ್ ಆಯ್ಕೆ ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂದು ಲೆಕ್ಕ ಕೊಡುತ್ತದೆ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಕಟ್ಟಿಕೊಂಡ ಬ್ಯಾಶ್‌ನ ಲೊಕೇಲ್ ಡೈರೆಕ್ಟರಿಗೆ ಇದೇ ಆಜ್ಞೆ ಪಿಒ ಕಡತದಿಂದ ತಯಾರಿಸುವ ಎಂಒ ಕಡತವನ್ನು ಸೇರಿಸಿ ಓಡಿಸಿ ನೋಡಿದರೆ ಇನ್ನೂ ಉತ್ತಮ. ಆಗಲೂ ಇಂಗ್ಲಿಷೇ ಬರುತ್ತಿದ್ದರೆ ಲೊಕೇಲ್ -ಎ ಎಂದು ಕೇಳಿ. ಕೆಎನ್_ಇನ್ ಪಟ್ಟಿಯಲ್ಲಿಲ್ಲದಿದ್ದರೆ ವ್ಯವಸ್ಥೆಯಲ್ಲಿ ಕನ್ನಡ ಲೊಕೇಲ್ ಸ್ಥಾಪನೆಯೇ ಆಗಿಲ್ಲ. ಫೆಡೋರಾದಲ್ಲಿ ಗ್ಲಿಬ್‌ಸಿ-ಲ್ಯಾಂಗ್‌ಪ್ಯಾಕ್-ಕೆಎನ್ ಪ್ಯಾಕೇಜಿನಿಂದ, ಡೆಬಿಯನ್‌ನಲ್ಲಿ ಲೊಕೇಲ್ಸ್ ಪ್ಯಾಕೇಜನ್ನು ಮರುಸಂರಚಿಸಿ ಅದನ್ನು ಪಡೆಯಬಹುದು.

ಸಿದ್ಧವಾದ ಕಡತವನ್ನು ಯಾರಿಗೆ ಕಳುಹಿಸಬೇಕು?

ಟ್ರಾನ್ಸ್‌ಲೇಷನ್ ಪ್ರಾಜೆಕ್ಟ್‌ನ ರೋಬಾಟ್‌ಗೆ, ಮಿಂಚಂಚೆಯ ಲಗತ್ತಾಗಿ. ವಿಷಯದ ಸಾಲಿನಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಭಾಷಾ ಸಂಕೇತ ಈ ಕ್ರಮದಲ್ಲಿರುವ ಕಡತದ ಹೆಸರು ಇರಬೇಕು. ರೋಬಾಟ್ ಕಡತವನ್ನು ಪರೀಕ್ಷಿಸಿ, ತಪ್ಪಿದ್ದರೆ ಕಾರಣದೊಂದಿಗೆ ಹಿಂದಿರುಗಿಸುತ್ತದೆ. ಯಂತ್ರದ ಉತ್ತರ ಒರಟಾಗಿ ಕಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ತಿದ್ದಿ ಮತ್ತೆ ಕಳುಹಿಸಿ.

ನಾನು ಬರೆದ ಸ್ಕ್ರಿಪ್ಟಿನ ಸಂದೇಶಗಳನ್ನೂ ಹೀಗೆ ಅನುವಾದಿಸಬಹುದೇ?

ಬಹುದು. ಜೋಡಿ ಉದ್ಧರಣದ ಮುಂದೆ ಡಾಲರ್ ಚಿಹ್ನೆ ಹಾಕಿದ ಪಠ್ಯವನ್ನು ಬ್ಯಾಶ್ ಅನುವಾದಿಸಲು ಯತ್ನಿಸುತ್ತದೆ. ಟೆಕ್ಸ್ಟ್‌ಡೊಮೇನ್ ಮತ್ತು ಟೆಕ್ಸ್ಟ್‌ಡೊಮೇನ್‌ಡಿರ್ ಎಂಬ ಚರಗಳು ಅನುವಾದದ ಕಡತ ಎಲ್ಲಿದೆ ಎಂದು ಹೇಳುತ್ತವೆ. ಬ್ಯಾಶ್‌ಗೆ --ಡಂಪ್-ಪಿಒ-ಸ್ಟ್ರಿಂಗ್ಸ್ ಆಯ್ಕೆ ಕೊಟ್ಟು ಸ್ಕ್ರಿಪ್ಟಿನ ಹೆಸರು ಹೇಳಿದರೆ ಅಂಥ ಪಠ್ಯಗಳೆಲ್ಲ ಪಿಒ ರೂಪದಲ್ಲಿ ಸಿಗುತ್ತವೆ. ಆದರೆ ಅನುವಾದಗೊಂಡ ಪಠ್ಯದಲ್ಲಿ ಡಾಲರ್ ಚಿಹ್ನೆಯ ಆಜ್ಞೆ ಇದ್ದರೆ ಬ್ಯಾಶ್ ಅದನ್ನೂ ಓಡಿಸುವುದರಿಂದ, ಅನುವಾದದ ಕಡತವನ್ನು ತಿದ್ದಬಲ್ಲವರು ನಿಮ್ಮ ಸ್ಕ್ರಿಪ್ಟಿಗೆ ಆಜ್ಞೆಗಳನ್ನು ತೂರಿಸಬಲ್ಲರು. 5.2 ಆವೃತ್ತಿಯಲ್ಲಿ ಬಂದ ನೊಎಕ್ಸ್‌ಪ್ಯಾಂಡ್_ಟ್ರಾನ್ಸ್‌ಲೇಷನ್ ಆಯ್ಕೆಯನ್ನು ಶಾಪ್ಟ್ ಆಜ್ಞೆಯಿಂದ ಚಾಲೂ ಮಾಡಿದರೆ ಅನುವಾದ ಬರೀ ಪಠ್ಯವಾಗಿಯೇ ಉಳಿಯುತ್ತದೆ. ಅದಕ್ಕಿಂತ ಹಳೆಯ ಬ್ಯಾಶ್‌ನಲ್ಲಿ, ಪರರು ಕೊಟ್ಟ ಅನುವಾದಗಳಿಗೆ ಈ ಸೌಲಭ್ಯವನ್ನು ಬಳಸದೆ ಗೆಟ್‌ಟೆಕ್ಸ್ಟ್ ಆಜ್ಞೆಯನ್ನೇ ನೇರವಾಗಿ ಕರೆಯಿರಿ.